ಮೊಟ್ಟೆ ಇಡದೆ ಹೋದ ಆಮೆ

ನಮ್ಮ ಕನ್ನಡಿಗರ ಬಳಗದ ವಾಟ್ಸಾಪ್ ಗುಂಪಿನಲ್ಲಿ ಆ ಸಂದೇಶ ಬಂದಾಗ ನಾನು ಸೂರತ್ತಿನ ಅಡಾಜಣ್‌ನ ಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಕಡಲಾಮೆಗಳು ಮೊಟ್ಟೆ ಇಡುವ ದ್ವೀಪಕ್ಕೆ ಎರಡು ದಿನದ ಪ್ರವಾಸ, ಅರಣ್ಯ ಇಲಾಖೆಯ ಪರವಾನಗಿ ಸಿಕ್ಕಿದೆ, ಇಪ್ಪತ್ತೈದು ಜನರಿಗೆ ಮಾತ್ರ ಜಾಗ. ದಾರಿ ತೋರಿಸಲು ಬರುವವರು, ಆಮೆಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದ ನಮ್ಮ ಹಿರಿಯರು. ಕೆಳಗೆ ಕಾಕಾನ ಫೋಟೋ. ಬಿಳಿ ಟೋಪಿ, ಕೊರಳಲ್ಲಿ ದುರ್ಬೀನು.

ಕೈ ಒರೆಸಿಕೊಂಡು ಎಲ್ಲರಿಗಿಂತ ಮೊದಲು ನನ್ನ ಹೆಸರು ಕಳಿಸಿದೆ. ಸಂಜೆ ನನ್ನ ಗಂಡ ಅದನ್ನು ನೋಡಿ, "ಆ ಮನಷ್ಯಾನ ಜೋಡಿ ಯಾಕ ಹೋಗ್ತಿ?" ಎಂದರು. "ಆಮಿ ನೋಡ್ಲಿಕ್ಕೆ" ಎಂದೆ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಅಪ್ಪ ವಡೋದರಾದಲ್ಲಿ ರೈಲ್ವೆ ನೌಕರ, ಕಾಕಾ ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಅಧಿಕಾರಿ. ಇಬ್ಬರೂ ಧಾರವಾಡದ ಕಡೆಯವರು. ನಾನು ಹುಟ್ಟುವ ಮೊದಲೇ ಗೆಳೆಯರು. ನಾನು ಹತ್ತನೇ ತರಗತಿಯಲ್ಲಿದ್ದಾಗ ಅವ್ವನಿಗೆ ಅಹಮದಾಬಾದಿನಲ್ಲಿ ಆಪರೇಷನ್ ಆಯಿತು. ಒಂದೂವರೆ ತಿಂಗಳು ನಾವು ಸ್ಯಾಟಲೈಟ್ ಬಡಾವಣೆಯಲ್ಲಿದ್ದ ಅವರ ಫ್ಲ್ಯಾಟಿನಲ್ಲೇ ಇದ್ದೆವು. ಕಾಕಾನ ಹೆಂಡತಿ ಕಾಕು ಅವ್ವನಿಗೆ ದಿನಾ ಗಂಜಿ ಕಾಯಿಸಿ ಕೊಟ್ಟರು, ತಲೆ ಬಾಚಿದರು, ಹಾಸಿಗೆ ಬದಲಿಸಿದರು. ಈ ಉಪಕಾರವನ್ನು ನಾನು ಮರೆತಿಲ್ಲ. ಮರೆಯಲು ಅಪ್ಪ ಬಿಡಲೂ ಇಲ್ಲ.

ಎಂಎಸ್ಸಿ ಮುಗಿದ ಮೇಲೆ ಮೂರು ವರ್ಷ, ಮಳೆಗಾಲ ಕಳೆದು ಆಮೆ ಬರುವ ತಿಂಗಳುಗಳಲ್ಲಿ, ನಾನು ಆ ದ್ವೀಪದಲ್ಲಿ ಸ್ವಯಂಸೇವಕಿಯಾಗಿದ್ದೆ. ಕಚ್ಛ್ ಕೊಲ್ಲಿಯಲ್ಲಿರುವ ಸಣ್ಣ ದ್ವೀಪ. ಒಂದು ಕಡೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಾಡು, ಇನ್ನೊಂದು ಕಡೆ ಹವಳದ ದಂಡೆ, ನಡುವೆ ಅಗಲಕ್ಕೆ ಹಾಸಿದ ಮರಳು. ಕುಡಿಯುವ ನೀರೂ ದೋಣಿಯಲ್ಲೇ ಬರಬೇಕು. ಉಬ್ಬರ ಬಂದಾಗ ಮಾತ್ರ ದೋಣಿ ದಡ ಮುಟ್ಟುತ್ತದೆ. ಇಳಿತದಲ್ಲಿ ಸಮುದ್ರ ಕಣ್ಣಿಗೆ ಕಾಣದಷ್ಟು ದೂರ ಸರಿದು ಕೆಸರೂ ಕಲ್ಲೂ ಉಳಿಯುತ್ತವೆ. ನಾವು ನಾಲ್ಕೈದು ಜನ ಬೆಳಗಾಗುತ್ತಲೇ ದಂಡೆಯುದ್ದಕ್ಕೂ ನಡೆದು, ಆಮೆ ಹತ್ತಿ ಬಂದ ಜಾಡನ್ನೂ ತಿರುಗಿ ಹೋದ ಜಾಡನ್ನೂ ಅಳೆದು ಬರೆದಿಡುತ್ತಿದ್ದೆವು. ಟ್ರ್ಯಾಕ್ಟರ್ ಗಾಲಿ ಉರುಳಿದ ಹಾಗೆ ಕಾಣುತ್ತದೆ ಆ ಜಾಡು. ಅದನ್ನು ಓದಲು ಕಲಿಸಿದವರು ಅಲ್ಲಿನ ಫಾರೆಸ್ಟ್ ಗಾರ್ಡ್. ಹೆಚ್ಚು ಓದಿದವರಲ್ಲ. ನನಗೆ ಅವರು ಭಾಯ್, ಅವರಿಗೆ ನಾನು ಬೆನ್, ಗುಜರಾತಿಯಲ್ಲಿ ಅಣ್ಣ, ತಂಗಿ.

ಬೇರೆಯವರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ವಡೋದರಾದ ಶಾಲೆಗಳಲ್ಲಿ ಕನ್ನಡ ಎಲ್ಲಿಯದು? ಅಪ್ಪ ದಿನಕ್ಕೊಂದು ಪುಟ ಬರೆಸಿ ಕಲಿಸಿದ ಭಾಷೆ ಅದು. ಆಮೆ ಮರಳು ಎರಚುವ ಸಪ್ಪಳ, ಮರಿಗಳು ಒಂದರ ಮೇಲೊಂದು ಹತ್ತಿ ಹೊರಬರುವ ಪರಿ, ಭಾಯ್ ಹೇಳಿದ ಮಾತು, ನನಗೆ ಬಂದ ಜ್ವರ, ಎಲ್ಲವೂ ಅದರಲ್ಲಿ ಇತ್ತು. ಎರಡು ವರ್ಷಕ್ಕೆ ಎರಡು ದಪ್ಪ ನೋಟ್‌ಬುಕ್ ತುಂಬಿದವು. ಮನೆಗೆ ಬಂದಿದ್ದ ಕಾಕಾ ಅವುಗಳ ಹಾಳೆ ತಿರುವಿ, "ಭಾರೀ ಬರದೀಯಲ್ಲ ತಂಗಿ! ನಮ್ಮ ಬಳಗದ ಸಂಚಿಕೆಗೆ ಒಂದೆರಡು ಪುಟ ತಗೋತೀನಿ. ನಾಕ್ ದಿನದಾಗ ವಾಪಸ್ ಕೊಡ್ತೀನಿ" ಎಂದು ತೆಗೆದುಕೊಂಡು ಹೋದರು. ನಾನು ಹಿಗ್ಗಿದೆ. ಅಪ್ಪ ನನಗಿಂತ ಹೆಚ್ಚು ಹಿಗ್ಗಿದರು.

ಮುಂದಿನ ವರ್ಷ ಅದು ಪುಸ್ತಕವಾಗಿ ಬಂತು. ಮುಖಪುಟದ ಮೇಲೆ ಕಾಕಾನ ಹೆಸರು.

ಬಿಡುಗಡೆ ಅಹಮದಾಬಾದಿನ ಒಂದು ಸಭಾಂಗಣದಲ್ಲಿ ನಡೆಯಿತು. ನನಗೆ ಉಪ್ಪಿಟ್ಟು ಬಡಿಸುವ ಕೆಲಸ ಕೊಟ್ಟಿದ್ದರು. ಜನ ಬರುವ ಮೊದಲು ಮೇಜಿನ ಮೇಲಿದ್ದ ಒಂದು ಪ್ರತಿ ಎತ್ತಿ ನಡುವಿನ ಪುಟ ತೆರೆದೆ. ನನ್ನದೇ ವಾಕ್ಯ. ಇನ್ನೊಂದು ಪುಟ, ಅದೂ ನನ್ನದೇ. ನನಗೆ ಬಂದ ಜ್ವರ ಕಾಕಾನಿಗೆ ಬಂದಿತ್ತು. ಭಾಯ್ ನನಗೆ ಹೇಳಿದ ಮಾತನ್ನು ಕಾಕಾನಿಗೆ ಹೇಳಿದ್ದರು. ಕಾಕಾ ಆ ದ್ವೀಪಕ್ಕೆ ಅಷ್ಟರೊಳಗೆ ಹೋಗಿದ್ದೆಂದರೆ ಒಂದೇ ಒಂದು ಸಲ, ಕಚೇರಿಯವರ ಜೊತೆ, ಬೆಳಿಗ್ಗೆ ಹೋಗಿ ಸಂಜೆ ಬರುವ ಪಿಕ್‌ನಿಕ್‌ಗೆ. ವೇದಿಕೆಯ ಮೇಲಿಂದ ಅವರು ನನ್ನ ಕಡೆ ಕೈ ತೋರಿಸಿ, "ನಮ್ಮ ಹುಡುಗಿ ಒಂದೆರಡು ಫೋಟೋ ತಗದ ಕೊಟ್ಟಾಳ, ಆಕಿಗೂ ಒಂದು ಚಪ್ಪಾಳಿ" ಎಂದರು. ಜನ ತಟ್ಟಿದರು. ನನ್ನ ಕೈಯಲ್ಲಿ ಸೌಟು ಇತ್ತು.

ಕಾರ್ಯಕ್ರಮ ಮುಗಿದ ಮೇಲೆ ಪಾತ್ರೆಗಳ ನಡುವೆ ಅವರನ್ನು ನಿಲ್ಲಿಸಿ ಕೇಳಿದೆ. "ಕಾಕಾ, ಇದು ನಾ ಬರದದ್ದಲ್ಲೇನು?"

ಅವರಿಗೆ ಮುಜುಗರವೇನೂ ಆಗಲಿಲ್ಲ. ನಕ್ಕರು. "ನೀ ಬರದದ್ದು ಕನ್ನಡ ಅಂತಾರೇನು ತಂಗಿ? ಗುಜರಾತದಾಗ ಬೆಳದ ಹುಡುಗಿ. ಒಂದು ಸಾಲು ನೆಟ್ಟಗಿರಲಿಲ್ಲ. ನಾ ಕೂತು ತಿದ್ದೀನಿ, ತಿದ್ದಿ ಭಾಷಾ ಮಾಡೀನಿ. ಇಲ್ಲಂದ್ರ ಅದು ರದ್ದಿ."

ಅಪ್ಪ ಪಕ್ಕದಲ್ಲೇ ಇದ್ದರು, ಎಲ್ಲ ಕೇಳಿಸಿಕೊಂಡರು. ಅವರು ಒಂದು ಮಾತು ಹೇಳುತ್ತಾರೆಂದು ನಾನು ಕಾದೆ. "ದೊಡ್ಡವರು. ನಡಿ, ಗಾಡಿ ತಪ್ತದ" ಎಂದರು. ರೈಲಿನಲ್ಲಿ ವಡೋದರಾ ಮುಟ್ಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಇಳಿಯುವಾಗ, "ಅವರ ಮನಿ ಅನ್ನ ಉಂಡೇವಿ. ನಿಮ್ಮವ್ವ ಎದ್ದು ಕೂತದ್ದು ಅವರಿಂದ" ಎಂದರು. ಅಲ್ಲಿಗೆ ಆ ವಿಷಯ ನಮ್ಮ ಮನೆಯಲ್ಲಿ ಮುಗಿಯಿತು. ನಾನು ಕನ್ನಡ ಬರೆಯುವುದೂ ಮುಗಿಯಿತು. ಆಮೇಲೆ ಎಷ್ಟೋ ವರ್ಷ ದಿನಸಿ ಚೀಟಿಯನ್ನೂ ಗುಜರಾತಿಯಲ್ಲೇ ಬರೆದೆ.

ಸಿಟ್ಟು ದಿನ ಕಳೆದಂತೆ ಆರುತ್ತದೆ ಅನ್ನುತ್ತಾರೆ. ನನ್ನದನ್ನು ಆರಲು ನಾನೇ ಬಿಡಲಿಲ್ಲ. ಬಿಡದೆ ಇರಲು ನನ್ನ ಬಳಿ ಒಂದು ಕಾರಣವೂ ಇತ್ತು. ಆ ಪುಸ್ತಕದಲ್ಲಿ ಒಂದು ತಪ್ಪಿತ್ತು. ನನ್ನದೇ ತಪ್ಪು.

ಮೊದಲ ವರ್ಷ ನಾನೇ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದೆ. ಆಮೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ದಂಡೆ ಹತ್ತುತ್ತದೆ, ಆದ್ದರಿಂದ ಬರುವ ಜಾಡು ಆಳ. ಮೊಟ್ಟೆ ಇಟ್ಟು ಹಗುರಾಗಿ ಇಳಿಯುತ್ತದೆ, ಆದ್ದರಿಂದ ಹೋಗುವ ಜಾಡು ತೆಳು. ಎರಡೂ ಒಂದೇ ಆಳ ಇದ್ದರೆ ಆಮೆ ಮೊಟ್ಟೆ ಇಡದೆ ಹೋಗಿದೆ ಎಂದರ್ಥ. ಎಷ್ಟು ಚೆನ್ನಾಗಿ ಹೊಂದುತ್ತದೆ! ಎರಡು ನೋಟ್‌ಬುಕ್ಕಿನಲ್ಲೂ ಅದನ್ನು ಹೆಮ್ಮೆಯಿಂದ ಬರೆದಿದ್ದೆ. ಮೂರನೆಯ ವರ್ಷ ಅದನ್ನು ಭಾಯ್‌ಗೆ ವಿವರಿಸಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಡಿಲ ಮರಳಿದ್ದಲ್ಲಿ ಜಾಡು ಆಳ, ಗಟ್ಟಿ ಮರಳಿದ್ದಲ್ಲಿ ತೆಳು, ಅಷ್ಟೇ. ಮೊಟ್ಟೆ ಇಟ್ಟಿದೆಯೋ ಇಲ್ಲವೋ ತಿಳಿಯಲು ಎರಚಿದ ಮರಳನ್ನು ನೋಡಬೇಕು. ಮೊಟ್ಟೆ ಇಟ್ಟ ಆಮೆ ಮುಂಗಾಲುಗಳಿಂದ ಮರಳು ಹಿಂದಕ್ಕೆ ತೂರಿ ಗುಂಡಿಯನ್ನು ಮರೆಮಾಡದೆ ಹೋಗುವುದಿಲ್ಲ. ಆ ತಿದ್ದುಪಡಿಯನ್ನು ನಾನು ಮೂರನೆಯ ನೋಟ್‌ಬುಕ್ಕಿನಲ್ಲಿ ಬರೆದೆ. ಕಾಕಾ ಒಯ್ದಿದ್ದು ಮೊದಲ ಎರಡನ್ನು ಮಾತ್ರ.

ಹೀಗಾಗಿ ಕಾಕಾನ ಪುಸ್ತಕದಲ್ಲಿ ನನ್ನ ತಪ್ಪು ಹಾಗೇ ಕೂತಿತ್ತು. ಯಾರಿಗೂ ಹೇಳಲಿಲ್ಲ. ಅವರು ಪ್ರತಿ ವರ್ಷ ಬಳಗದಲ್ಲಿ ಆಮೆಗಳ ಬಗ್ಗೆ ಭಾಷಣ ಮಾಡುವಾಗ ಮದುವೆಯಾಗಿ ಬಂದ ಸೂರತ್ತಿನಿಂದ ಅಹಮದಾಬಾದಿಗೆ ರೈಲು ಹಿಡಿದು ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಆ ಮಾತು ಬಂತಾ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಬರುತ್ತಿತ್ತು. "ಇದು ನನ್ನ ಸ್ವಂತ ಸಂಶೋಧನೆ" ಎಂದು ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದರು. ಆಗ ನನಗೆ ಆಗುತ್ತಿದ್ದ ಸಂತೋಷ ಒಳ್ಳೆಯವರು ಪಡುವ ಸಂತೋಷವಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ವರ್ಷ ಮತ್ತೆ ಹೋಗುತ್ತಿದ್ದೆ.

ಹದಿನೇಳು ವರ್ಷಗಳ ಮೇಲೆ ಅವರನ್ನು ಆ ಮರಳಿನ ಮೇಲೇ ನಿಲ್ಲಿಸಿ ನೋಡುವ ಅವಕಾಶ ಬಂತು. ಬಿಡುವವಳು ನಾನಲ್ಲ.

ಪ್ರವಾಸದ ದಿನ ಮಧ್ಯಾಹ್ನದ ಉಬ್ಬರದಲ್ಲಿ ದೋಣಿ ನಮ್ಮನ್ನು ಇಳಿಸಿತು. ನಿವೃತ್ತ ಬ್ಯಾಂಕಿನವರು, ವಿಮೆಯವರು, ಅವರ ಹೆಂಡಂದಿರು, ಡಬ್ಬಿಗಳಲ್ಲಿ ಥೇಪ್ಲಾ, ಚಟ್ನಿಪುಡಿ. ಕಾಕಾನಿಗೆ ಈಗ ಎಪ್ಪತ್ತು ದಾಟಿತ್ತು. ಕಾಕು ಅವರ ಔಷಧದ ಚೀಲ ಹಿಡಿದು ಹಿಂದೆ ಬರುತ್ತಿದ್ದರು. ಮಕ್ಕಳ ಹತ್ತಿರ ಇರಲೆಂದು ಅವರು ಅಹಮದಾಬಾದಿನಂಚಿನ ಬೋಪಾಲ್‌ ಬಡಾವಣೆಗೆ ಮನೆ ಬದಲಿಸಿ ಒಂದು ವರ್ಷವಾಗಿತ್ತು. ನನ್ನನ್ನು ಕಂಡು ಕಾಕು, "ಬಂದಿ ಅಂದ್ರ ಛಲೋ ಆತು, ಅವರ ಕೈ ಹಿಡ್ಕೊಂಡು ನಡಸ್ಲಿಕ್ಕೆ ಒಬ್ಬರು ಬೇಕಾಗಿತ್ತು" ಎಂದರು. ನಾನು ನಕ್ಕೆ.

ಭಾಯ್ ಇನ್ನೂ ಅಲ್ಲೇ ಇದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ನನ್ನನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. "ಜಾಡು ಓದುವುದು ಮರೆತಿಲ್ಲ ತಾನೇ, ಬೆನ್?" ಎಂದು ಗುಜರಾತಿಯಲ್ಲಿ ಕೇಳಿದರು. ಸಂಜೆ ಕಾಕಾ ಎಲ್ಲರನ್ನೂ ಮರಳಿನ ಮೇಲೆ ಕೂರಿಸಿ ಭಾಷಣ ಮಾಡುವಾಗ ಭಾಯ್ ದೂರ ನಿಂತು ನೋಡಿದರು. "ಯಾರು ಇವರು?" ಎಂದರು. "ಇಲ್ಲಿ ಮೂರು ವರ್ಷ ಇದ್ದರಂತೆ" ಎಂದೆ. ಅವರು ಹುಬ್ಬು ಗಂಟಿಕ್ಕಿದರು. "ಮೂರು ವರ್ಷ? ಯಾವಾಗ?"

ಮರುದಿನ ಬೆಳಗಾಗುವ ಹೊತ್ತಿಗೆ ಸಮುದ್ರ ದೂರ ಸರಿದಿತ್ತು. ಎಲ್ಲರೂ ಚಹಾ ಕುಡಿಯುತ್ತಿರುವಾಗ ಭಾಯ್ ಗಸ್ತು ಮುಗಿಸಿ ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಒಂದು ಬಂದಿತ್ತು. ಸುಮ್ಮನೆ ಸುತ್ತಾಡಿ ಹೋಗಿದೆ. ಒಂದಿಷ್ಟು ಕೆದಕಿದೆ, ಮೊಟ್ಟೆ ಇಟ್ಟಿಲ್ಲ. ನಿಮ್ಮವರಿಗೆ ಬೇಕಾದರೆ ಜಾಡು ತೋರಿಸೋಣ."

"ಭಾಯ್, ಮೊಟ್ಟೆ ಇಲ್ಲ ಅನ್ನುವುದನ್ನು ನೀವಾಗಿ ಈಗಲೇ ಹೇಳಬೇಡಿ."

"ಯಾಕೆ? ತಮಾಷೆಗಾ?"

"ತಮಾಷೆಗಲ್ಲ."

ಅವರು ನನ್ನನ್ನೇ ನೋಡಿದರು. ಏನು ಕಂಡರೋ, ಭುಜ ಕುಣಿಸಿ ಮುಂದೆ ನಡೆದರು.

ಜಾಡನ್ನು ನೋಡಿದ ಕೂಡಲೇ ನನಗೆ ಮೈ ಬಿಸಿಯಾಯಿತು. ನಾನೇ ಬರೆದು ಕೊಟ್ಟಂತಿತ್ತು. ಆಮೆ ಹತ್ತಿದ್ದು ಸಡಿಲ ಮರಳಿನ ಮೇಲೆ, ಜಾಡು ಅಂಗೈ ಮುಳುಗುವಷ್ಟು ಆಳ. ಇಳಿದದ್ದು ಬಳ್ಳಿ ಹಬ್ಬಿದ ಗಟ್ಟಿ ನೆಲದ ಮೇಲೆ, ಜಾಡು ಇದ್ದೂ ಇಲ್ಲದ ಹಾಗೆ. ತುದಿಯಲ್ಲಿ ಕೆದಕಿದ ಸಣ್ಣ ತಗ್ಗು. ಸುತ್ತ ಎರಚಿದ ಮರಳು ಒಂದು ಹಿಡಿಯಷ್ಟೂ ಇಲ್ಲ.

ಕಾಕಾ ಕೋಲೂರಿ ಬಂದು ನಿಂತರು. ಆಕಡೆ ನೋಡಿದರು, ಈಕಡೆ ನೋಡಿದರು. ದನಿ ಏರಿತು. "ನೋಡ್ರಿ, ಬಂದದ್ದು ಆಳ, ಹೋದದ್ದು ತೆಳು. ಅಂದ್ರ ಏನು? ಭಾರ ಇಳಿಸಿ ಹೋಗೇತಿ! ಇಲ್ಲೇ, ಈ ತಗ್ಗಿನಾಗ ಮೊಟ್ಟಿ ಅದಾವ."

ಎಲ್ಲರೂ ಫೋನು ಎತ್ತಿದರು. ನಾನು ಮುಂದೆ ಬಂದೆ. "ಖಾತ್ರಿ ಏನ್ರಿ ಕಾಕಾ?"

"ನೂರಕ್ಕ ನೂರು."

"ಎಷ್ಟು ಮೊಟ್ಟಿ ಇರಬಹುದು?"

"ಈ ಆಳ ನೋಡಿದ್ರ ನೂರಕ್ಕಿಂತ ಕಡಿಮಿ ಇಲ್ಲ ತಂಗಿ."

"ಈ ಆಳದ ಲೆಕ್ಕ ಬ್ಯಾರೆ ಯಾರರ ಹೇಳ್ಯಾರೇನ್ರಿ?"

"ಯಾರೂ ಇಲ್ಲ. ಇದು ನಾನೇ ಮೂರು ವರ್ಷ ಇಲ್ಲೇ ಕೂತು ಅಳದು ಕಂಡ್ಹಿಡದದ್ದು. ನನ್ನ ಪುಸ್ತಕದಾಗ ಐತಿ."

ಭಾಯ್‌ಗೆ ಕನ್ನಡ ತಿಳಿಯದು. ಆದರೆ ಎಲ್ಲರೂ ತಗ್ಗಿನ ಸುತ್ತ ಮಂಡಿಯೂರಿ ಫೋಟೋ ತೆಗೆಸಿಕೊಳ್ಳುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. "ಸಾಹೇಬ್, ಅಲ್ಲಿ ಏನೂ ಇಲ್ಲ" ಎಂದರು ಗುಜರಾತಿಯಲ್ಲಿ.

ಕಾಕಾ ಅಷ್ಟಕ್ಕೇ ಬಿಟ್ಟಿದ್ದರೂ ಸಾಕಿತ್ತು. ಬಿಡಲಿಲ್ಲ. ಎಲ್ಲರೂ ನೋಡುತ್ತಿದ್ದರಲ್ಲ. "ನನಗೆ ಕಲಿಸುತ್ತೀಯಾ? ಈ ದ್ವೀಪದ ಮೇಲೆ ಪುಸ್ತಕ ಬರೆದವನು ನಾನು. ಕೈ ಹಾಕಿ ನೋಡು, ಗೊತ್ತಾಗುತ್ತದೆ" ಎಂದು ಗುಜರಾತಿಯಲ್ಲೇ ಗದರಿದರು.

ಪ್ರವಾಸಿಗರ ಎದುರು ಹಾಗೆ ಅಗೆಯುವಂತಿಲ್ಲ. ಅದು ಭಾಯ್‌ಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಅವರ ಮುಖ ಕೆಂಪಾಗಿತ್ತು. ಅಂಗಿಯ ತೋಳು ಮಡಚಿ ಕುಕ್ಕರಗಾಲಲ್ಲಿ ಕೂತರು. "ಬೇಡ ಭಾಯ್" ಎಂಬ ಎರಡು ಪದ ನನ್ನ ಬಾಯಲ್ಲೇ ಇದ್ದವು. ನಾನು ನುಂಗಿದೆ.

ಬೊಗಸೆ ಬೊಗಸೆ ಮರಳು ತೆಗೆದರು. ಒಣ ಮರಳು ಮುಗಿಯಿತು, ಒದ್ದೆ ಮರಳು ಬಂತು. ತೋಳು ಭುಜದವರೆಗೆ ಇಳಿಯಿತು. ಪಕ್ಕದಲ್ಲಿ ಇನ್ನೊಂದು ಕಡೆ ತೆಗೆದರು. ಎಲ್ಲೂ ಮೆದು ಇಲ್ಲ, ಎಂದೂ ಯಾರೂ ಕದಡದ ಗಟ್ಟಿ ನೆಲ. ಎದ್ದು ಕೈ ಝಾಡಿಸಿದರು.

"ಕದ್ದಾರ" ಎಂದರು ಕಾಕಾ. "ಮೊಟ್ಟಿ ಕಳುವಾಗ್ಯಾವ. ಇಂಥವರನ್ನ ಕಾವಲಿಗೆ ಇಟ್ರ ಮತ್ತೇನಾಗ್ತದ!"

ನಾನು ಆ ಮಾತನ್ನು ಒಂದಕ್ಷರ ಬಿಡದೆ ಗುಜರಾತಿಯಲ್ಲಿ ಭಾಯ್‌ಗೆ ಹೇಳಿದೆ. ಹಿಂದೆಯೇ ಇನ್ನೊಂದನ್ನೂ ಹೇಳಿದೆ: "ಬರುವ ಜಾಡು ಆಳ, ಹೋಗುವ ಜಾಡು ತೆಳು ಇದ್ದರೆ ಮೊಟ್ಟೆ ಇರುತ್ತದಂತೆ. ಸಾಹೇಬರೇ ಕಂಡುಹಿಡಿದದ್ದಂತೆ."

ಕಳ್ಳತನದ ಮಾತಿಗೆ ಉರಿಯಲು ಹೊರಟಿದ್ದ ಭಾಯ್ ಎರಡನೆಯ ಮಾತು ಕೇಳಿ ಬಾಯಿ ತೆರೆದು ನಿಂತರು. "ಅದು ನಿನ್ನ ಮಾತಲ್ಲವಾ ಬೆನ್? ನೀನು ಹುಡುಗಿಯಾಗಿದ್ದಾಗ ಇದನ್ನೇ ಹೇಳುತ್ತಿದ್ದೆ. ತಪ್ಪು, ತಪ್ಪು ಎಂದು ನಾನೇ ಬೈದು ತಿದ್ದಿದೆನಲ್ಲ! ನಿನ್ನ ಬಿಟ್ಟು ಬೇರೆ ಯಾರ ಬಾಯಲ್ಲೂ ನಾನು ಇದನ್ನು ಕೇಳಿಲ್ಲ." ಆಮೇಲೆ ಕಾಕಾನ ಕಡೆ ತಿರುಗಿ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದವರಂತೆ ಕೇಳಿದರು: "ಸಾಹೇಬ್, ಇಪ್ಪತ್ತೆರಡು ವರ್ಷದಿಂದ ನಾನು ಇಲ್ಲೇ ಇದ್ದೇನೆ. ನೀವು ಯಾವ ಮೂರು ವರ್ಷ ಇದ್ದಿರಿ?"

ಅಲ್ಲಿದ್ದವರೆಲ್ಲ ಈ ನೆಲದಲ್ಲಿ ಮೂವತ್ತು ನಲವತ್ತು ವರ್ಷ ಕಳೆದವರು. ಗುಜರಾತಿ ತಿಳಿಯದವರು ಒಬ್ಬರೂ ಇರಲಿಲ್ಲ. ಎಲ್ಲರ ಕಣ್ಣೂ ಒಟ್ಟಿಗೆ ಕಾಕಾನ ಮುಖಕ್ಕೆ ಹೋಯಿತು. ಅಲ್ಲಿಂದ ನನ್ನ ಮುಖಕ್ಕೆ ಬಂತು. ಯಾರೋ ಮೆಲ್ಲಗೆ, "ಅಂದ್ರ ಆ ಪುಸ್ತಕ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ಇಷ್ಟಾದ ಮೇಲೆ ನಾನು ಸುಮ್ಮನಿರಬಹುದಿತ್ತು. ಚೀಲದಿಂದ ಮೂರನೆಯ ನೋಟ್‌ಬುಕ್ ತೆಗೆದೆ. ಹಾಳೆ ಹಳದಿಯಾಗಿ ಉಬ್ಬಿದ್ದವು. ಕಾಕಾನ ಕೈಯಲ್ಲಿಟ್ಟೆ. "ನನ್ನ ಕನ್ನಡ ನೆಟ್ಟಗಿಲ್ರಿ ಕಾಕಾ. ಇದನ್ನೂ ತಿದ್ದಿ ಕೊಡ್ರಿ."

ಅವರು ತೆಗೆದುಕೊಂಡರು. ಒಂದು ಹಾಳೆ ತಿರುವಿದರು. ಓದಲಿಲ್ಲ. ಮುಚ್ಚಿ ವಾಪಸು ಕೊಟ್ಟರು. ಮುಖದಲ್ಲಿ ರಕ್ತವಿರಲಿಲ್ಲ. ಹದಿನೇಳು ವರ್ಷ ನಾನು ಮನಸ್ಸಿನಲ್ಲಿ ನೋಡಿದ್ದ ಮುಖ ಅದೇ. ಕಣ್ಣು ತೆಗೆಯದೆ ನೋಡಿದೆ.

ದೋಣಿ ಬರುವುದು ಮಧ್ಯಾಹ್ನದ ಉಬ್ಬರಕ್ಕೆ. ಅಲ್ಲಿಯವರೆಗೆ ಐದಾರು ಗಂಟೆ ಯಾರೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಪಟ್ಟಣದಲ್ಲಾಗಿದ್ದರೆ ಕಾಕಾ ಆಟೊ ಹತ್ತಿ ಹೋಗಿಬಿಡುತ್ತಿದ್ದರು. ಇಲ್ಲಿ ನೆರಳಿದ್ದದ್ದು ಒಂದೇ ಕಡೆ, ಅಡುಗೆಯ ಚಪ್ಪರದ ಕೆಳಗೆ. ಅವರು ಒಂದು ಮೂಲೆಯಲ್ಲಿ ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತರು. ಮಿಕ್ಕವರು ಇನ್ನೊಂದು ಮೂಲೆಯಲ್ಲಿ ಅವರಿಗೆ ಕೇಳಿಸದಷ್ಟು, ಆದರೆ ಕಾಣಿಸುವಷ್ಟು, ಗುಸುಗುಸು ಮಾಡಿದರು. ಒಬ್ಬರು ಬಂದು, "ನೀವು ಅವತ್ತೇ ಹೇಳಬೇಕಿತ್ತು ನೋಡ್ರಿ" ಎಂದರು. ಅವತ್ತು ಚಪ್ಪಾಳೆ ತಟ್ಟಿದವರಲ್ಲಿ ಅವರೂ ಒಬ್ಬರು. ಅದನ್ನೂ ಅವರಿಗೆ ನೆನಪಿಸಿದೆ.

ಕಾಕು ಕಾಕಾನಿಗೆ ಮಾತ್ರೆ ಕೊಟ್ಟು, ತಿನ್ನಿಸಿ, ಆಮೇಲೆ ನನ್ನ ಪಕ್ಕ ಬಂದು ಕೂತರು.

"ನಿಮ್ಮವ್ವಗ ನಾ ಗಂಜಿ ಕುಡಿಸೀನಿ."

"ಹೌದು ಕಾಕು. ಅದಕ್ಕ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ."

"ಎಲ್ಲಾರ ಎದುರಿಗೆ ಹಿಂಗ..."

"ಅವರೂ ಎಲ್ಲಾರ ಎದುರಿಗೇ ಮಾಡಿದ್ರು."

ಕಾಕು ಸೆರಗಿನಿಂದ ಮುಖ ಒರೆಸಿಕೊಂಡರು. "ನನಗೂ ಬೈ. ನಿನ್ನ ಅಕ್ಷರ ಅವರಿಗೆ ತಿಳೀತಿರಲಿಲ್ಲ. ದಿನಾ ಮಧ್ಯಾಹ್ನ ನಾನ ಓದಿ ಹೇಳ್ತಿದ್ದೆ, ಅವರು ಬರಕೋತಿದ್ರು. ಎಷ್ಟು ಛಂದ ಬರದಿದ್ದಿ! ಜ್ವರದ ಪುಟ ಓದುವಾಗ ಅತ್ತಿದ್ದೆ ನಾನು."

ಇದನ್ನು ನಾನು ಎಂದೂ ಊಹಿಸಿರಲಿಲ್ಲ. ಒಂದು ಸಾಲು ನೆಟ್ಟಗಿಲ್ಲದ್ದನ್ನು ಕೇಳಿ ಈ ಹೆಂಗಸು ಅತ್ತಿದ್ದಳೇ? ತಿದ್ದಿದ್ದೇನೆ ಎಂಬುದೂ ಸುಳ್ಳೇ ಹಾಗಾದರೆ? "ಆ ಎರಡು ನೋಟ್‌ಬುಕ್ ಎಲ್ಲಿ ಅವ?" ಎಂದು ಕೇಳಿದೆ.

"ಬೋಪಾಲ್‌ಗೆ ಮನಿ ಬದಲಿ ಮಾಡುವಾಗ ರದ್ದಿಯವಗ ಹೋದವು" ಎಂದರು. "ಕಟ್ಟಿನ ಮ್ಯಾಲೇ ಇದ್ದವು. ನಾ ನೋಡಿದೆ. ತಗೀಲಿಲ್ಲ."

ನಾನು ಎದ್ದು ಹೋದೆ. ಅವರ ಪಕ್ಕ ಇನ್ನೊಂದು ಗಳಿಗೆ ಕೂತಿದ್ದರೆ ಅವ್ವನ ಗಂಜಿಗೂ ಏನಾದರೂ ಅನ್ನುತ್ತಿದ್ದೆ.

ದಡದಲ್ಲಿ ದೋಣಿಯಿಂದ ಇಳಿಯುವಾಗ ಕಾಕಾನ ಕಾಲು ಹಲಗೆಯ ಮೇಲೆ ಜಾರಿತು. ಆಸರೆಗೆ ಕೈ ಚಾಚಿದರು. ಎಲ್ಲರಿಗಿಂತ ಹತ್ತಿರ ಇದ್ದವಳು ನಾನು. ನಾನು ಕೈ ಕೊಡಲಿಲ್ಲ. ಅಂಬಿಗ ಹಿಡಿದುಕೊಂಡ. ಕಾಕಾ ನನ್ನನ್ನು ನೋಡಿದರು, ನಾನೂ ನೋಡಿದೆ.

ಬಳಗದವರು ಯಾರೋ ತೆಗೆದ ವಿಡಿಯೊ ಎರಡು ದಿನದಲ್ಲಿ ಅಹಮದಾಬಾದು, ವಡೋದರಾ, ಸೂರತ್ತು, ಮೂರೂ ಕಡೆ ಹರಿದಾಡಿತು. ವಡೋದರಾದಲ್ಲಿ ತಮ್ಮನ ಮನೆಯಲ್ಲಿರುವ ಅಪ್ಪ ನೋಡಿ ಫೋನು ಮಾಡಿದರು. "ಎಪ್ಪತ್ತು ದಾಟಿದ ಮನಷ್ಯಾನ್ನ ಹಿಂಗ ಬೀದಿಗೆ ತರೂದೇನು?" ಎಂದರು. "ಅವತ್ತು ನೀವು ಅವರನ್ನ ಒಂದು ಮಾತು ಕೇಳಿದ್ದರ ನಾ ಇವತ್ತು ಏನೂ ಮಾಡ್ತಿರಲಿಲ್ಲ" ಎಂದೆ. ಅಪ್ಪ ಫೋನು ಇಟ್ಟರು. ಎರಡು ತಿಂಗಳು ಮಾತಾಡಲಿಲ್ಲ. ನನಗೆ ಆಗ ತಿಳಿಯಿತು, ನನ್ನ ಸಿಟ್ಟಿನ ಅರ್ಧ ಪಾಲು ಇಷ್ಟು ದಿನ ಯಾರ ಮೇಲಿತ್ತು ಎಂದು.

ಅದೇ ವಿಡಿಯೊ ಭಾಯ್ ಅವರ ಮೇಲಧಿಕಾರಿಗಳಿಗೂ ತಲುಪಿತು. ಜನರ ಎದುರು ಅಗೆದದ್ದಕ್ಕೆ ಅವರಿಗೆ ನೋಟಿಸು ಬಂತು, ನಿವೃತ್ತಿಗೆ ವರ್ಷ ಉಳಿದಿರುವಾಗ. ನಾನು ಸೂರತ್ತಿನಿಂದ ಹೋಗಿ ಅವರ ಕಚೇರಿಯಲ್ಲಿ ತಪ್ಪು ನನ್ನದೆಂದು ಬರೆದುಕೊಟ್ಟೆ. ಬಾಯಿಮಾತಿನ ಎಚ್ಚರಿಕೆಯಲ್ಲಿ ಮುಗಿಯಿತು. ಹೊರಗೆ ಬೇವಿನ ಮರದ ಕೆಳಗೆ ಭಾಯ್ ನಿಂತಿದ್ದರು. ಕೈ ಮುಗಿದು ಕ್ಷಮೆ ಕೇಳಿದೆ.

"ನಿನ್ನ ಜಗಳ ನನಗೆ ಅರ್ಥವಾಗುತ್ತದೆ ಬೆನ್" ಎಂದರು. "ಆದರೆ ಅಗೆಯಲು ನನ್ನ ಕೈ ಬಳಸಿದೆ. ಬೇಡ ಅಂತ ನೀನು ಹೇಳಬಹುದಿತ್ತು, ಹೇಳಲಿಲ್ಲ. ನಾನು ನಿನ್ನ ಮುಖ ನೋಡುತ್ತಿದ್ದೆ." ಚಹಾ ಕುಡಿಸಿ ಬಸ್ಸು ಹತ್ತಿಸಿದರು. ಮುಂದಿನ ವರ್ಷ ಬಾ ಎಂದು ಮೊದಲೆಲ್ಲ ಹೇಳುತ್ತಿದ್ದರು. ಈ ಸಲ ಹೇಳಲಿಲ್ಲ. ನಾನು ಹೋಗಿಲ್ಲ.

ಇದೊಂದೇ ನನ್ನನ್ನು ಚುಚ್ಚುವುದು. ಕಾಕಾನ ವಿಷಯ ಚುಚ್ಚುವುದಿಲ್ಲ. ಬಳಗ ಅವರ ಭಾಷಣ ನಿಲ್ಲಿಸಿತು. ನನ್ನನ್ನು ಕರೆಯಿತು. ಹೋಗಿ ಒಂದು ಗಂಟೆ ಕನ್ನಡದಲ್ಲಿ ಮಾತಾಡಿದೆ. ಎರಡು ಕಡೆ ಪದ ಸಿಗದೆ ತಡವರಿಸಿದೆ, ಯಾರೂ ನಗಲಿಲ್ಲ. ಸೂರತ್ತಿಗೆ ಬಂದ ಮೇಲೆ ಕಳೆದುಹೋದ ಎರಡು ವರ್ಷಗಳನ್ನು ನೆನಪಿನಿಂದ ಮತ್ತೆ ಬರೆಯಲು ಕೂತೆ. ಎಷ್ಟೋ ದಿನಗಳು ಮರೆತೇ ಹೋಗಿವೆ. ಅಂಥಲ್ಲಿ ಕಾಕಾನ ಪುಸ್ತಕ ತೆರೆದು ನೋಡಿಕೊಳ್ಳಬೇಕಾಗುತ್ತದೆ. ಪ್ರತಿ ಸಲ ತೆರೆದಾಗಲೂ ಹಲ್ಲು ಕಚ್ಚುತ್ತೇನೆ.

ಹೋದ ತಿಂಗಳು ಅಹಮದಾಬಾದಿನ ಒಂದು ಮದುವೆಯಲ್ಲಿ ಅವರು ಎದುರಾದರು. ಕಾಕು ಜೊತೆಗಿರಲಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು, ತೂಕ ಇಳಿದಿತ್ತು, ಅಂಗಿ ಭುಜದ ಮೇಲೆ ಜೋತು ಬಿದ್ದಿತ್ತು. ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು.

"ಆರಾಮ ಏನು?" ಎಂದರು.

"ಆರಾಮ" ಎಂದೆ. ಅವರು ಬಿಟ್ಟ ಜಾಗದಲ್ಲಿ ಹೋಗಿ ನಿಂತು, ಮೊದಲು ನಾನು ಬಡಿಸಿಕೊಂಡೆ.